ಹಲಗೂರಿನಲ್ಲಿ ಕತ್ತರಿಸಿದ ಉಂಗುರ

ಹಲಗೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಜೇನುಹುಳು ಕುಟುಕಿ ಹೆಂಡತಿಯ ಬೆರಳು ಊದಿಕೊಂಡಿತು. ಮದುವೆಯ ಉಂಗುರ ಮಾಂಸದೊಳಗೆ ಹೂತು, ಬೆರಳು ನೀಲಿಗಟ್ಟತೊಡಗಿತು. ಸೋಪು ಹಚ್ಚಿದರೂ ಜಗ್ಗಲಿಲ್ಲ. ಯಾರೋ ತೋರಿಸಿದ ಅಕ್ಕಸಾಲಿ ಅಂಗಡಿಗೆ ಓಡಿದೆವು. ಕುಲುಮೆಯ ಮುಂದೆ ನಡುವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಳು.

"ಯಜಮಾನರಿಲ್ವೇನಮ್ಮ?" ಎಂದೆ.

"ಕೆಲಸ ಮಾಡೋಳು ನಾನೇ ಕಣಪ್ಪ. ಕೈ ಕೊಡವ್ವ ಇತ್ಲಾಗೆ," ಎಂದು ಪಕ್ಕದಲ್ಲಿ ಹಾಡುತ್ತಿದ್ದ ಟ್ರಾನ್ಸಿಸ್ಟರ್ ನಿಲ್ಲಿಸಿದಳು.

ಉಂಗುರದಡಿ ತೆಳ್ಳನೆಯ ತಗಡು ತೂರಿಸಿ, ಕೂದಲೆಳೆಯಂಥ ಗರಗಸ ಆಡಿಸಿದಳು. "ಅಯ್ಯೋ, ಮದುವೆ ಉಂಗುರ!" ಎಂದು ಹೆಂಡತಿ ಅತ್ತಳು.

"ಉಂಗ್ರಕ್ಕೆ ಬೆಸುಗೆ ಆಕ್ಕೊಡ್ತೀನಿ ಕಣವ್ವ. ಬೆರಳೇ ಓಗ್ಬುಟ್ರೆ ನನ್ ಕೈಲಾಗಕಿಲ್ಲ."

ಉಂಗುರ ಟಕ್ಕನೆ ಬಿಟ್ಟುಕೊಂಡಿತು. ಬೆರಳು ನಿಧಾನವಾಗಿ ಕೆಂಪೇರಿತು. ಹೊರಗೆ ನಾವು ಕಾಯುತ್ತಿದ್ದ ಮಳವಳ್ಳಿ ಬಸ್ಸು ಹಾರನ್ ಹೊಡೆಯಿತು. ಹೆಂಡತಿ ಆಕೆಯ ಮಸಿಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇನ್ನೊಂದು ಬಸ್ಸು ಬರುತ್ತದೆ ಎಂದು ನಾನೂ ಅವರ ಪಕ್ಕದಲ್ಲಿ ಕುಳಿತೆ.