ಬಾಗಿಲಿಗೆ ಬೆನ್ನು ಕೊಟ್ಟವನು

ತಾಳವಾಡಿಯ ಶೀತಲ ಗೋದಾಮಿನಲ್ಲಿ ಮೂಟೆಗಳನ್ನು ತಾನಾಗಿಯೇ ಎತ್ತಿಡುವ ಯಂತ್ರವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಬೇಗ ಬೇಕಾಗುವ ಮೂಟೆಗಳನ್ನು ಬಾಗಿಲ ಹತ್ತಿರವೇ ಇಡಿಸಿ, ಯಂತ್ರದ ಓಟ ತಗ್ಗಿಸಿ ಕರೆಂಟು ಉಳಿಸುತ್ತಿದ್ದ. ಅಂಗೈಯಿಂದ ಬಾಗಿಲ ಅಂಚು ಸವರಿ ತಂಪು ಸೋರುತ್ತಿದೆಯೇ ನೋಡುತ್ತಿದ್ದ. ಯಾರು ಬಂದರೂ “ಬಾಗ್ಲು ಮುಚ್ಚಿ” ಎಂಬುದೇ ಅವನ ಮಾತು.

ಒಂದು ಬೇಸಿಗೆಯಲ್ಲಿ ಕರೆಂಟು ಹೋಯಿತು. ಜನರೇಟರು ತಂಪು ಕಾಯುವುದಕ್ಕಷ್ಟೇ ಸಾಲುತ್ತಿತ್ತು. ಒಳಗೆ ನಮ್ಮಂಥ ರೈತರ ಬಿತ್ತನೆ ಆಲೂಗಡ್ಡೆಯಿತ್ತು. ಬಿತ್ತನೆಯನ್ನು ಕೈಯಲ್ಲಿ ಮುಟ್ಟಿ ನೋಡದೆ ನಮಗೆ ನಂಬಿಕೆ ಬರುವುದಿಲ್ಲ.

“ನನ್ ಮೂಟೆ ಈಚೆಗ್ ತಗಿ ಕಣ್ಲಾ, ಮುಟ್ಟಿ ನೋಡ್ಬೇಕು” ಎಂದೆ.

ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. “ಮಿಷಿನ್ ಓಡುದ್ರೆ ತಂಪು ನಿಂತೋಯ್ತದೆ. ಎಲ್ಲಾರ್ದೂ ಕೊಳೀತದೆ ಕಣಜ್ಜಿ.”

“ಕೊಳುತ್ರೆ ನೀನ್ ಬಿತ್ತನೆ ಕೊಟ್ಟೀಯಾ?”

ಅವನು ಜರುಗಲಿಲ್ಲ. ಸಂಜೆ ಕರೆಂಟು ಬಂದ ಮೇಲೆ ಯಂತ್ರ ಓಡಿಸಿ, ನನ್ನ ಮೂಟೆಯಿಂದ ಒಂದು ಗಡ್ಡೆ ತಂದು ನನ್ನ ಕೈಗಿಟ್ಟ. ಗಟ್ಟಿಯಾಗಿತ್ತು, ತಣ್ಣಗಿತ್ತು.

“ಮುಟ್ಟಿದ್ದಾಯ್ತಾ? ಕೊಡಿ, ಬಾಗ್ಲು ಮುಚ್ಬೇಕು.”