ಕೆರೆ ನೊಣ, ಚಿನ್ನದ ಮುಳ್ಳು ಮತ್ತು ಅಪೊಂಡಿ

ಈಗಷ್ಟೇ ಬೆಳಕು ಹರೀತಾ ಇದೆ. ನಮ್ಮ ದಡದ ಆಸ್ಪತ್ರೆಯ ಸರ್ವರ್ ಕೋಣೇಲಿ ದೀಪ ಹಾಕಿಲ್ಲ, ಹಾಕೋ ಹಾಗೂ ಇಲ್ಲ. ಈ ತಿಂಗಳು ವಿಕ್ಟೋರಿಯಾ ಸರೋವರದ ಮೇಲೆ ನೊಣ ಹೊಗೆ ಥರ ಏಳುತ್ತೆ, ದೀಪ ಕಂಡಲ್ಲಿ ಮುತ್ತುತ್ತೆ. ಯಂತ್ರ ರಿಪೇರಿ ಮಾಡೋ ಅಪೊಂಡಿ ಕಿಟಕಿ ಬೆಳಕಲ್ಲೇ ಕೂತಿದಾಳೆ, ಮುಂದೆ ಹೊಟ್ಟೆ ಬಿಚ್ಚಿದ ಸರ್ವರ್.

ಬಾಗಿಲು ಕಾಯೋ ಮುದುಕ ನಾನು, ವಿಷಯ ಇಷ್ಟೇ ಕಣ್ರಪ್ಪ. ನಿನ್ನೆ ಈ ಸರ್ವರ್ ನಿಂತೋಯ್ತು. ಬಲೆ ಹೆಣೆಯೋ ಒಡೆರೊ ಮಗಳ ತಲೆ ಸ್ಕ್ಯಾನ್ ಅದರೊಳಗೇ ಇದೆ. ಹೊಸದಾಗಿ ತೆಗೆದ್ರೂ ಹೋಗಿ ಕೂರೋದು ಅಲ್ಲೇ. ತಲೆ ಡಾಕ್ಟ್ರು ಕಿಸುಮು ಪಟ್ಟಣದಿಂದ ವಾರಕ್ಕೊಂದೇ ಸಲ ಬರೋದು, ಇವತ್ತು ಬರ್ತಾರೆ. ಚಿತ್ರ ಕಾಣ್ದೆ ಅವರು ಕತ್ತಿ ಮುಟ್ಟಲ್ಲ. ಹುಡುಗಿ ಇನ್ನೊಂದು ವಾರ ತಡೀತಾಳಾ ಅಂತ ಬಾಯಿಬಿಟ್ಟು ಕೇಳೋ ಧೈರ್ಯ ಯಾರಿಗೂ ಇಲ್ಲ. ಒಡೆರೊ ಹೊರಗೆ ಕೂತು ಬರಿಗೈಲೇ ಗಂಟು ಹಾಕ್ತಿದಾನೆ, ದಾರ ಇಲ್ದೆ.

ಪ್ರೊಸೆಸರ್ ತಣ್ಣಗಿಡೋ ಲೋಹದ ಹೀಟ್ ಸಿಂಕ್ ಎತ್ತಿದ್ರೆ ಅದರ ಹಲ್ಲುಗಳ ಸಂದೀಲಿ ಸತ್ತ ನೊಣ ಕಂಬಳಿ ಥರ ಗಟ್ಟಿಯಾಗಿದೆ. ಗಾಳಿ ಆಡ್ದೆ ಪ್ರೊಸೆಸರ್ ಬೆಂದುಹೋಗಿದೆ. ನರ್ಸ್ ಕೆರುಬೊ ದೂರದ ಕಿಸಿ ಅನ್ನೋ ಗುಡ್ಡದ ಸೀಮೆಯವಳು, ಇಲ್ಲಿಗೆ ಬಂದು ಎರಡು ತಿಂಗಳು. ಈ ನೊಣಾನ ರೊಟ್ಟಿ ಥರ ತಟ್ಟಿ ಬೇಯಿಸಿ ತಿನ್ನೋ ದಡದೋರು ನೀವೇ ಅಲ್ವೇನ್ರೀ, ಇಲ್ಲೂ ಬೇಯಿಸ್ಬಿಟ್ಟಿದೀರ ಅಂತ ಕಿಚಾಯಿಸ್ತಾಳೆ. ಅಪೊಂಡಿ ಬೆಂದ ಪ್ರೊಸೆಸರ್ ಎತ್ತಿ ಪಕ್ಕಕ್ಕಿಡ್ತಾಳೆ.

ಅದು ಕೂತಿದ್ದ ಜಾಗದಲ್ಲಿ, ಬೋರ್ಡ್ ಮೇಲೆ, ಕೂದಲಿಗಿಂತ ಸಣ್ಣ ಚಿನ್ನದ ಮುಳ್ಳು, ಸಾವಿರಾರು. ಒಂದು ಬಾಗಿದ್ರೂ ಬೋರ್ಡೇ ಹೋಯ್ತು. ಅಂಥ ಹೊತ್ತಲ್ಲಿ ಕೆರುಬೊ, ಪಾಪ, ಅಪೊಂಡಿ ಕಣ್ಣು ಹೋದೀತು ಅಂತ ಟ್ಯೂಬ್‌ಲೈಟ್ ಹಾಕ್ತಾಳೆ. ಕಿಟಕಿಯಿಂದ ನೊಣ ನುಗ್ಗುತ್ತೆ. ಒಂದು ಬಂದು ಮುಳ್ಳಿನ ಮೇಲೇ ಕೂತುಬಿಡುತ್ತೆ.

"ಆರಿಸು. ಊದಬೇಡ, ಕೈ ತರಬೇಡ. ಫೋನ್ ಟಾರ್ಚ್ ಹಚ್ಕೊಂಡು ಬಾಗಿಲಾಚೆ ಹೋಗು, ಮೆಲ್ಲಗೆ," ಅಂತಾಳೆ ಅಪೊಂಡಿ.

ಕೆರುಬೊ ಹೋಗ್ತಾಳೆ. ಹಾರೋ ನೊಣ ಎಲ್ಲ ಹಿಂದೆ ಹೋಗುತ್ತೆ. ಇದೊಂದು ರೆಕ್ಕೆ ಒರೆಸ್ಕೊಂಡು ಕೂತಿದೆ, ಮಹಾರಾಣಿ. ಅಪೊಂಡಿ ಉಸಿರು ಬಿಡ್ತಿಲ್ಲ. ಕೊನೆಗೆ ಅದೂ ಎದ್ದು ಬೆಳಕಿನ ಕಡೆ ಹೋಗುತ್ತೆ.

ಜೊತೆಗೆ ತಂದಿದ್ದ ಹೊಸ ಪ್ರೊಸೆಸರಿನ ಮೂಲೆ ಗುರುತು ಹೊಂದಿಸಿ, ಒತ್ತದೆ ಇಳಿಬಿಡ್ತಾಳೆ. ಮೇಲೆ ಬಿಸಿ ಎಳ್ಕೊಳ್ಳೋ ಪೇಸ್ಟು, ಕಡಲೆಕಾಳಷ್ಟು. ಹೀಟ್ ಸಿಂಕ್ ನೆಟ್ಟಗೆ ಕೂರಿಸಿ ಎದುರುಬದುರು ಮೂಲೆ ಸ್ಕ್ರೂ ಸ್ವಲ್ಪಸ್ವಲ್ಪ ಬಿಗೀತಾಳೆ. "ಅಪ್ಪನ ದೋಣಿ ಎಂಜಿನ್ನೂ ಹಿಂಗೇ ಬಿಗೀತಿದ್ವಿ. ಒಂದೇ ಕಡೆ ಬಿಗಿದ್ರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ." ಅಪ್ಪ ಸರೋವರದಲ್ಲೇ ಹೋದ. ಆಮೇಲೆ ಇವಳು ಫೋನ್ ರಿಪೇರಿ, ರೇಡಿಯೋ ರಿಪೇರಿ, ಈಗ ಮೂರು ಆಸ್ಪತ್ರೆಯ ಯಂತ್ರ, ಬಾಡಿಗೆ ಬೈಕಲ್ಲಿ ಓಡಾಟ.

ಗುಂಡಿ ಒತ್ತಿದ್ರೆ ಪರದೆ ಕಪ್ಪು. ಕಪ್ಪೇ. ಫ್ಯಾನ್ ಮೊರೀತಿದೆ, ಅಷ್ಟೇ. ಸಾಕಪ್ಪಾ ಅನ್ನಿಸೋಷ್ಟು ಹೊತ್ತಾದ್ಮೇಲೆ ಅಕ್ಷರ ಮೂಡುತ್ತೆ.

ಡಾಕ್ಟ್ರು ಬಂದು, ಚಿತ್ರ ನೋಡಿ, ಹುಡುಗೀನ ಒಳಗೆ ಕರ್ಕೊಂಡು ಹೋಗಿದಾರೆ. ಅಪೊಂಡಿಗೆ ಎದ್ದು ಹೋಗೋ ಹಾಗಿಲ್ಲ. ಸ್ಕ್ರೂ ಒಂದು ಸಡಿಲ ಇದ್ರೂ ಬಿಸಿಯೇರಿ, ಆಪರೇಷನ್ ಮಧ್ಯೆ ಚಿತ್ರ ಆರಿಹೋಗುತ್ತೆ. ಸರ್ವರ್ ಹಿಂದೆ ಅಂಗೈ ಹಿಡಿದು, ಬರೋ ಗಾಳಿ ಎಷ್ಟು ಬಿಸಿ ಅಂತ ನೋಡ್ತಾ ಕೂತಿದಾಳೆ. ಕೆರುಬೊ ಚಹಾ ತಂದು ಪಕ್ಕಕ್ಕಿಟ್ಟಿದಾಳೆ, ಮುಟ್ಟಿಲ್ಲ.

ನಿನಗೇನಾದ್ರೂ ಬೇಕೇನಮ್ಮ ಅಂತ ನಾನು ಕೇಳ್ದೆ.

"ಏನೂ ಬೇಡ ಅಜ್ಜ. ಏನಾದ್ರೂ ಕೆಟ್ರೆ ಮಾತ್ರ ಇಲ್ಲಿ ನನ್ನ ಹೆಸರು ಕೂಗೋದು." ಆಪರೇಷನ್ ಕೋಣೆ ಕಡೆ ಕಿವಿ ಕೊಡ್ತಾಳೆ. "ಇನ್ನೂ ಯಾರೂ ಕೂಗಿಲ್ಲ."