ಅನುಪಾತದಮ್ಮ

ಗಣಿತದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಅನುಪಾತದಮ್ಮ. ಅದು ಅವರ ಕಿವಿಗೂ ಬಿದ್ದಿದೆ, ಬೇಜಾರೇನಿಲ್ಲ. ಕೊನೆಯಿಲ್ಲದ ಗುಣೋತ್ತರ ಶ್ರೇಢಿ ಕಂಡ ಕೂಡಲೇ ಮೊತ್ತದ ಸೂತ್ರಕ್ಕೆ ಕೈಹಾಕುವವರನ್ನು ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. “ಮೊದಲು ಅನುಪಾತ ನೋಡು. ಪದಗಳು ಕುಗ್ತಾ ಹೋದ್ರೆ ಮೊತ್ತ ಇರುತ್ತೆ, ಇಲ್ಲದಿದ್ರೆ ಪೆನ್ನು ಕೆಳಗಿಡು.” ಒಂದು, ಎರಡು, ನಾಲ್ಕು, ಎಂಟು ಎಂದು ಬೆಳೆಯುತ್ತಲೇ ಹೋಗುವುದನ್ನು ಸೂತ್ರಕ್ಕೆ ಹಾಕಿ ಮೈನಸ್ ಒಂದು ತಂದವನಿಗೆ, “ಮೆಟ್ಟಿಲು ಹತ್ತಿ ಹತ್ತಿ ನೆಲಮಾಳಿಗೆಗೆ ಬಂದ್ಯಲ್ಲೋ ಮಹಾರಾಯ!” ಎಂದರು. “ಪರೀಕ್ಷೆಗೆ ಸೂತ್ರ ಸಾಕಲ್ವಾ ಮೇಡಂ?” ಎಂದ ಹೆಡ್‌ಮಾಸ್ತರಿಗೆ, “ಪರೀಕ್ಷೆಗೆ ಸಾಕು, ನನಗೆ ಸಾಲದು ಸಾರ್.” ಮನೆಯಲ್ಲಿ ಮೊಮ್ಮಗಳು ರಚ್ಚೆ ಹಿಡಿದರೂ ಯಾರೂ ಎತ್ತಿಕೊಳ್ಳುವಂತಿಲ್ಲ: “ಒಂದೊಂದು ಕಿರುಚಾಟ ಹಿಂದಿನದರ ಅರ್ಧ ಇದೆ, ಬಿಡಿ, ತಾನೇ ನಿಲ್ಲುತ್ತೆ.” ಹೋದ ವರ್ಷ ಟೀಚರೇ ಬಿದ್ದು ಬಲಭುಜ ಮುರಿದುಕೊಂಡರು. ಕೈ ಎಷ್ಟೆತ್ತರ ಏಳುತ್ತದೆಂದು ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದರು: ಮೊದಲ ತಿಂಗಳು ನಾಲ್ಕು ಬೆರಳು ಏರಿತು, ಆಮೇಲೆ ಎರಡು, ಆಮೇಲೆ ಒಂದು. “ಏರ್ತಾನೇ ಇದೆಯಲ್ಲಮ್ಮ, ಕಪ್ಪುಹಲಗೆಯ ಮೇಲ್ಸಾಲು ಮುಟ್ಟೋವರೆಗೆ ಮನೇಲಿರು,” ಎಂದ ಮಗ. ಅವರು ಗುರುತುಗಳನ್ನು ಇನ್ನೊಮ್ಮೆ ಅಳೆದರು. “ಅನುಪಾತ ಅರ್ಧ ಕಣೋ. ಕೊನೆಯಿಲ್ಲದೆ ಕೂಡಿದ್ರೂ ಒಟ್ಟು ಎಂಟು ಬೆರಳು. ನೂರು ವರ್ಷ ಕಾದರೂ ಅದನ್ನ ದಾಟಲ್ಲ. ಮೇಲ್ಸಾಲು ಅಲ್ಲಿಂದ ಇನ್ನೂ ಒಂದು ಗೇಣು ಮೇಲಿದೆ.” ಮಗನ ಮುಖ ಸಪ್ಪಗಾಯಿತು. “ಹಾಗಾದ್ರೆ ಇನ್ನೇನಮ್ಮ?” “ಇನ್ನೇನು? ಶಾಲೆಗೆ ಬಡಗೀನ ಕಳಿಸು, ಹಲಗೆ ಒಂದು ಗೇಣು, ಮೇಲೊಂದು ಬೆರಳು ಕೆಳಗಿಳಿಸಲಿ. ಸೋಮವಾರದಿಂದ ನಾನು ಹೋಗ್ತೀನಿ.”